ಮಾತಿಗೆ ಆದ ಅನ್ಯಾಯ

ಮಾನಸಿಕ ಆಘಾತದ ಬಗ್ಗೆ ಬರೆಯಲು ಕೂತವರೆಲ್ಲ ಮನೋವೈದ್ಯ ಬೆಸೆಲ್ ವಾನ್ ಡರ್ ಕೋಲ್ಕ್ ಅವರ ‘ದ ಬಾಡಿ ಕೀಪ್ಸ್ ದ ಸ್ಕೋರ್’ಗೆ ಮೊದಲು ಕೈಮುಗಿಯುವುದು ಈಗ ರೂಢಿಯಾಗಿಬಿಟ್ಟಿದೆ. 2014ರಲ್ಲಿ ಪ್ರಕಟವಾದ ಈ ಪುಸ್ತಕ ಅಮೆರಿಕದ ಬೆಸ್ಟ್ ಸೆಲ್ಲರ್ ಪಟ್ಟಿಯಲ್ಲಿ ವರ್ಷಗಟ್ಟಲೆ ನೆಲೆ ನಿಂತಿತ್ತು. ವಿಯೆಟ್ನಾಂ ಯುದ್ಧದಿಂದ ಮರಳಿದ ಯೋಧರ ಕಥೆ, 1980ರಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆಗೆ (ಪಿಟಿಎಸ್‌ಡಿ) ಸಿಕ್ಕ ಮಾನ್ಯತೆ ಇವೆಲ್ಲ ಓದುಗರಿಗೆ ಗೊತ್ತಿರುವುದೇ. ಬಾಲ್ಯದಲ್ಲಿ ದೌರ್ಜನ್ಯಕ್ಕೆ ತುತ್ತಾದವರ ಪರವಾಗಿ ಲೇಖಕರು ದಶಕಗಳ ಕಾಲ ವಾದಿಸಿದ್ದಾರೆ. ಆ ಉಪಕಾರ ಸಣ್ಣದಲ್ಲ. ಆದರೂ ಪುಸ್ತಕದ ಕೀರ್ತಿ ಅದರ ಯೋಗ್ಯತೆಗಿಂತ ಬಹಳ ದೊಡ್ಡದು ಎಂದೇ ನನ್ನ ತೀರ್ಮಾನ. ನೊಂದವರನ್ನು ಎತ್ತಿ ನಿಲ್ಲಿಸಬಲ್ಲ ಮಾತಿನ ಚಿಕಿತ್ಸೆಯ ಮೇಲೆ ಅದು ಅಪನಂಬಿಕೆ ಬಿತ್ತಿದೆ.

ಆ ಅಪನಂಬಿಕೆಯ ಬೇರು ಒಂದು ಪ್ರಸಂಗದಲ್ಲಿದೆ. ಬಾಸ್ಟನ್ ಹೊರವಲಯದ ಶಾಲಾ ಶಿಕ್ಷಕಿಯೊಬ್ಬರು ಕಾರು ಓಡಿಸುತ್ತ, ಐದು ವರ್ಷದ ಮಗಳ ಸೀಟ್ ಬೆಲ್ಟ್ ಸರಿಪಡಿಸಲು ಕೈಚಾಚುತ್ತಾರೆ. ಅಷ್ಟರಲ್ಲಿ ಕೆಂಪು ದೀಪ ದಾಟಿಹೋಗಿ, ಇನ್ನೊಂದು ಕಾರು ಬಂದು ಗುದ್ದುತ್ತದೆ. ಮಗಳು ಅಲ್ಲೇ ತೀರಿಕೊಳ್ಳುತ್ತಾಳೆ. ಹೊಟ್ಟೆಯಲ್ಲಿದ್ದ ಏಳು ತಿಂಗಳ ಕೂಸೂ ಉಳಿಯುವುದಿಲ್ಲ. ಎಷ್ಟೋ ವರ್ಷಗಳ ನಂತರ ಆಕೆಯನ್ನು ಸ್ಕ್ಯಾನ್ ಯಂತ್ರದಲ್ಲಿ ಮಲಗಿಸಿ ಆ ದಿನದ ವಿವರಗಳನ್ನು ಕೇಳಿಸಿದಾಗ, ಮಿದುಳಿನಲ್ಲಿ ಮಾತನ್ನು ನಡೆಸುವ ಬ್ರೋಕಾ ಭಾಗದ ಚಟುವಟಿಕೆ ಇಳಿಯಿತು. ಆಘಾತ ಮಾತನ್ನು ಕಸಿಯುತ್ತದೆ, ಚಿಕಿತ್ಸೆಯನ್ನು ಮೈಯಿಂದಲೇ ಆರಂಭಿಸಬೇಕು ಎಂಬ ದನಿ ಇಲ್ಲಿ ಹೊರಟು ಪುಸ್ತಕದುದ್ದಕ್ಕೂ ಬೆಳೆಯುತ್ತದೆ.

ಈ ತರ್ಕ ನಿಲ್ಲುವುದಿಲ್ಲ. 1996ರಲ್ಲಿ ಪ್ರಕಟವಾದ ಆ ಸ್ಕ್ಯಾನ್ ಅಧ್ಯಯನದಲ್ಲಿ ಇದ್ದವರು ಎಂಟೇ ಮಂದಿ. ಅವರು ಮಲಗಿ ಕೇಳಿಸಿಕೊಳ್ಳುತ್ತಿದ್ದರು. ಮಾತಾಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಭಯ ಉಕ್ಕಿದ ಗಳಿಗೆಯಲ್ಲಿ ಬಾಯಿ ಕಟ್ಟುತ್ತದೆ ಎಂದೇ ಒಪ್ಪೋಣ. ವಾರಗಟ್ಟಲೆ ನಂಬಿಕೆಯ ವ್ಯಕ್ತಿಯ ಎದುರು ಕೂತು ಸ್ವಲ್ಪಸ್ವಲ್ಪವಾಗಿ ಹೇಳಿಕೊಂಡರೂ ಪ್ರಯೋಜನವಿಲ್ಲ ಎಂದು ಅದರಿಂದ ಹೇಗೆ ಹೊರಡುತ್ತದೆ?

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಆ ತಾಯಿ ತನ್ನನ್ನೇ ದೂಷಿಸಿಕೊಳ್ಳುತ್ತ ಕುಗ್ಗಿಹೋದರು ಎಂದು ಲೇಖಕರೇ ಬರೆಯುತ್ತಾರೆ. ಬರೆದವರು ಅಲ್ಲಿ ನಿಲ್ಲದೆ ಮಿದುಳಿನ ಚಿತ್ರಕ್ಕೆ ಹೊರಟುಬಿಡುತ್ತಾರೆ. ‘ಮಗಳನ್ನು ಕೊಂದವಳು ನಾನೇ’ ಎಂದು ಒಬ್ಬ ತಾಯಿ ನಂಬಿದ್ದರೆ ಅದು ಒಂದು ತೀರ್ಪು. ಸಾಕ್ಷ್ಯ ನೋಡದೆ ತನ್ನ ಮೇಲೆ ತಾನೇ ಕೊಟ್ಟುಕೊಂಡದ್ದು. ಆಕೆ ಕೈಚಾಚಿದ್ದು ಮಗುವನ್ನು ಕಾಪಾಡಲೆಂದು. ಇದನ್ನು ಆಕೆಗೆ ಯೋಗಾಸನವಾಗಲಿ ಉಸಿರಾಟವಾಗಲಿ ತಿಳಿಸಿಕೊಡಲಾರದು. ಯಾರಾದರೂ ಕೇಳಬೇಕು, ಆಕೆ ಉತ್ತರಿಸಬೇಕು, ಮತ್ತೆ ಕೇಳಬೇಕು. ಅತ್ಯಾಚಾರಕ್ಕೊಳಗಾದವರಿಗಾಗಿ ಮನೋವಿಜ್ಞಾನಿ ಪೆಟ್ರಿಶಿಯಾ ರೆಸಿಕ್ ರೂಪಿಸಿದ ಕಾಗ್ನಿಟಿವ್ ಪ್ರಾಸೆಸಿಂಗ್ ಥೆರಪಿ ಮಾಡುವುದು ಇದನ್ನೇ. ಹೆಚ್ಚುಕಡಿಮೆ ಹನ್ನೆರಡು ಭೇಟಿಗಳು. ‘ಇದು ನನಗೇಕಾಯಿತು’ ಎಂದು ರೋಗಿಯೇ ಬರೆಯುವುದರಿಂದ ಶುರು. ಆ ಬರಹದಲ್ಲಿ ಸಿಕ್ಕಿಕೊಂಡಿರುವ ಆತ್ಮದೂಷಣೆಯನ್ನು ಇಬ್ಬರೂ ಸೇರಿ ಒಂದೊಂದಾಗಿ ಪರೀಕ್ಷಿಸುತ್ತಾರೆ. ಅಮೆರಿಕದ ಮನೋವಿಜ್ಞಾನಿಗಳ ಸಂಘ 2017ರಲ್ಲಿ ಬಲವಾಗಿ ಶಿಫಾರಸು ಮಾಡಿದ ಚಿಕಿತ್ಸೆಗಳಲ್ಲಿ ಇದೂ ಒಂದು. ನಡುವೆಯೇ ಬಿಟ್ಟುಹೋಗುವವರು ಇದ್ದಾರೆ, ಅದು ನಿಜವಾದ ಕಷ್ಟ.

ನಮ್ಮಲ್ಲಿ ಈ ಪುಸ್ತಕವನ್ನು ಹೊಗಳುವವರಿಗೆ ಯೋಗದ ಅಧ್ಯಾಯ ಪ್ರಿಯ. ಆ ಅಧ್ಯಾಯಕ್ಕೆ ಆಧಾರವಾದ ಪ್ರಯೋಗದ ವಿವರ ನೋಡಬೇಕು. ಅದರಲ್ಲಿದ್ದವರು 64 ಮಹಿಳೆಯರು, ನಡೆದದ್ದು ಹತ್ತು ವಾರ. ಯೋಗ ಅಲ್ಲಿ ಪೂರಕವಾಗಿತ್ತೇ ಹೊರತು ಬೇರೆ ಚಿಕಿತ್ಸೆಯ ಬದಲಿಯಾಗಿರಲಿಲ್ಲ. ಫಲ ಚೆನ್ನಾಗಿಯೇ ಬಂತು. ಆದರೆ ಮುಂದೆ ಅದೇ ಮಹಿಳೆಯರನ್ನು ಮತ್ತೆ ನೋಡಿದಾಗ ಯೋಗ ಕಲಿತ ಗುಂಪಿಗೂ ಕಲಿಯದ ಗುಂಪಿಗೂ ನಡುವಿನ ಅಂತರ ಉಳಿದಿರಲಿಲ್ಲ. ಅಭ್ಯಾಸ ಬಿಡದೆ ಮುಂದುವರಿಸಿದವರಿಗೆ ಲಾಭವಿತ್ತು. ಯೋಗ ಮಾಡಿ ಎನ್ನಲು ಇಷ್ಟು ಸಾಕು. ಮಾತು ಬೇಡ ಎನ್ನಲು ಸಾಲದು.

ಇನ್ನೊಂದು ದಿಕ್ಕಿನ ವಿಮರ್ಶಕರ ಜೊತೆಗೂ ನನಗೆ ಜಗಳವಿದೆ. ಲಂಡನ್ನಿನ ಮನೋವೈದ್ಯ ಡೆರೆಕ್ ಸಮರ್‌ಫೀಲ್ಡ್ 1999ರ ಲೇಖನದಲ್ಲಿ, ಯುದ್ಧದ ನಾಡುಗಳಿಗೆ ಹೋಗಿ ನಡೆಸುವ ಆಘಾತ ಚಿಕಿತ್ಸೆ ಪಶ್ಚಿಮದ ಕಲ್ಪನೆಯನ್ನು ಇತರರ ಮೇಲೆ ಹೇರುತ್ತದೆ ಎಂದು ಟೀಕಿಸಿದರು. ನೆಲ, ದುಡಿಮೆ, ನ್ಯಾಯ ಮೊದಲು ಬೇಕು ಎನ್ನುವವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ನಮ್ಮ ಕೆಲವು ಚಿಂತಕರು ಇದನ್ನೇ ಹಿಗ್ಗಿಸಿ, ಮನೆಮಂದಿ ಮತ್ತು ದೈವ ಇರುವಾಗ ಕೌನ್ಸೆಲಿಂಗ್ ಯಾಕೆ ಎನ್ನುತ್ತಾರೆ. ನೋವು ಕೊಟ್ಟವರು ಮನೆಯವರೇ ಆಗಿದ್ದರೆ? ಅತ್ಯಾಚಾರಕ್ಕೊಳಗಾದವಳಿಗೆ ಬಾಯಿ ಮುಚ್ಚಿಕೊಂಡಿರು ಎಂದವರು ಹೆತ್ತವರೇ ಆಗಿದ್ದರೆ? ಆ ಪ್ರಶ್ನೆಗೆ ಅವರಿಂದ ಉತ್ತರ ಬರುವುದಿಲ್ಲ.

ಮಾತನ್ನು ನಂಬದವರಿಗೂ ಕೌನ್ಸೆಲಿಂಗ್ ಯಾಕೆ ಎನ್ನುವವರಿಗೂ ಪೂರ್ವ ಕಾಂಗೋ ಉತ್ತರ ಕೊಡುತ್ತದೆ. ಲೈಂಗಿಕ ಹಿಂಸೆಗೆ ಒಳಗಾದ ಮಹಿಳೆಯರಿಗೆ ರೆಸಿಕ್ ಅವರ ಚಿಕಿತ್ಸೆಯನ್ನೇ ಗುಂಪಾಗಿ ಕೊಡಲಾಯಿತು. ಕೊಟ್ಟವರು ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತೆಯರು. ಓದು ಬರಹ ಬಾರದವರೂ ಅನುಸರಿಸುವಂತೆ ಅದನ್ನು ಸರಳಗೊಳಿಸಿದ್ದರು. ಸುತ್ತ ಸಂಘರ್ಷ ನಿಂತಿರಲಿಲ್ಲ. 2013ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಮುಗಿದು ಆರು ತಿಂಗಳ ಮೇಲೆ ಖಿನ್ನತೆ ಅಥವಾ ಆತಂಕ ಉಳಿದಂತೆ ಕಂಡದ್ದು ಅವರಲ್ಲಿ ಶೇ 9 ಮಂದಿಯಲ್ಲಿ. ಕೇವಲ ವೈಯಕ್ತಿಕ ಬೆಂಬಲ ಪಡೆದವರಲ್ಲಿ ಶೇ 42. ಪಿಟಿಎಸ್‌ಡಿಯಲ್ಲೂ ಫಲ ಇದೇ ರೀತಿ ಇತ್ತು. ಈ ಚಿಕಿತ್ಸೆಯನ್ನು ಕನ್ನಡದಲ್ಲಿ, ತಾಲ್ಲೂಕು ಆಸ್ಪತ್ರೆಯ ಮಟ್ಟದಲ್ಲಿ ಕೊಡಬಲ್ಲವರನ್ನು ತಯಾರು ಮಾಡುವ ಕೆಲಸದ ಬಗ್ಗೆ ನಮ್ಮ ವಿಮರ್ಶಕರು ಚರ್ಚಿಸಲಿ.