ಸಮಾಧಾನಕ್ಕೊಂದು ಸೂಜಿ

ಶಿರಾ ತಾಲ್ಲೂಕಿನ ಬರಗೂರು ಸೀಮೆಯಲ್ಲಿ ಬರೀ ಮಾತ್ರೆ ಕೊಟ್ಟು ಕಳಿಸುವುದನ್ನು ಆಸ್ಪತ್ರೆ ಎನ್ನಲು ಹಳಬರು ಒಪ್ಪುವುದಿಲ್ಲ. ‘ಮೈಕೈ ಎಲ್ಲಾ ನೋವು ಕಣವ್ವ, ಒಂದ್ ಸೂಜಿನಾದ್ರೂ ಹಾಕು’ ಎಂದು ಅಜ್ಜಿ ಪಟ್ಟು ಹಿಡಿದರೆ ಸಿಸ್ಟರ್ ಬಿ-ಕಾಂಪ್ಲೆಕ್ಸ್ ಚುಚ್ಚಿ ಕಳಿಸುತ್ತಾರೆ. ಚುಚ್ಚಿದ ಕಡೆ ಚುರುಚುರು ಉರಿ. ಆಮೇಲೆ ಮೂತ್ರ ಅರಿಶಿನದ ಬಣ್ಣ. ಮದ್ದು ಕೆಲಸ ಮಾಡಿತೆನ್ನಲು ಅಜ್ಜಿಗೆ ಇನ್ನೇನು ಸಾಕ್ಷಿ ಬೇಕು? ಮೈಗೆ ಹೆಚ್ಚಾದ ರೈಬೋಫ್ಲಾವಿನ್ ಎಂಬ ವಿಟಮಿನ್ ಹೊರಹೋದದ್ದಷ್ಟೇ ಅದು ಎಂಬುದು ಸಿಸ್ಟರಿಗೆ ಗೊತ್ತು.

ಇದನ್ನು ಮೋಸ ಎಂದು ಒಂದೇ ಏಟಿಗೆ ತಳ್ಳಿಹಾಕಲು ಮನಸ್ಸು ಬಾರದು. ಇಲ್ಲಿ ಸೂಜಿ ಸಿಗದಿದ್ದರೆ ಅಜ್ಜಿ ಪದವಿಯಿಲ್ಲದ ‘ಡಾಕ್ಟ್ರ’ ಹತ್ತಿರ ಹೋಗುತ್ತಾಳೆ, ಅಲ್ಲಿ ಸ್ಟಿರಾಯ್ಡೇ ಬಿದ್ದರೂ ಕೇಳುವವರಿಲ್ಲ. ಭಾರತೀಯ ನರ್ಸಿಂಗ್ ಪರಿಷತ್ತಿನ ನೀತಿಸಂಹಿತೆ ರೋಗಿಯನ್ನು ಆರೈಕೆಯ ಪಾಲುದಾರ ಎನ್ನುತ್ತದೆ, ತಿಳಿದು ಆಯ್ದುಕೊಳ್ಳಲು ನೆರವಾಗಿ ಎನ್ನುತ್ತದೆ. ಸರಿಯೇ. ಆದರೆ ಚೀಟಿ ಬರೆಯುವವರು ವೈದ್ಯರು; ‘ಇದು ಯಾವುದಕ್ಕವ್ವ?’ ಎಂಬ ಪ್ರಶ್ನೆಗೆ ಮುಖ ಕೊಟ್ಟು ಸುಳ್ಳು ಹೇಳಬೇಕಾದವರು ಮಾತ್ರ ಸಿಸ್ಟರ್. ಬರೆದವರನ್ನು ಬಿಟ್ಟು ಚುಚ್ಚಿದವರ ನೀತಿ ಅಳೆಯುವುದು ನನಗೆ ಒಪ್ಪಿಗೆಯಿಲ್ಲ.

ಸುಳ್ಳು ಹೇಳಲೇಬೇಕೆಂದೂ ಇಲ್ಲ. 2010ರಲ್ಲಿ ಹಾರ್ವರ್ಡ್‌ನ ಟೆಡ್ ಕ್ಯಾಪ್ಚಕ್ ತಂಡ ಕರುಳಿನ ತೊಂದರೆಯಿದ್ದ 80 ಜನರ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿತು. ಇದರಲ್ಲಿ ಔಷಧಿ ಇಲ್ಲವೆಂದು ಹೇಳಿಯೇ ಕೊಟ್ಟ ಮಾತ್ರೆ ನುಂಗಿದವರು, ಏನೂ ನುಂಗದವರಿಗಿಂತ ಹೆಚ್ಚು ಆರಾಮ ಕಂಡರು. ಅದು ಮಾತ್ರೆ, ಮೂರೇ ವಾರದ ಮಾತು; ಸೂಜಿಯಾದರೆ ಸೋಂಕು, ಬಾವಿನ ಅಪಾಯ ಜೊತೆಗೇ ಬರುತ್ತದೆ.

ಈ ಸೂಜಿಯ ಮೇಲೆ ನನ್ನ ದೊಡ್ಡ ತಕರಾರು ಬೇರೆಯೇ ಇದೆ. ಪಾವಗಡ, ಶಿರಾ, ಮಧುಗಿರಿ ಕಡೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಬೇರೆ ನೀರಿಲ್ಲದಿದ್ದರೂ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬುದು ನಮ್ಮ ಮಾನದಂಡ. ದಾಟಿದ ನೀರನ್ನೇ ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಕೂರುತ್ತದೆ, ದೊಡ್ಡವರ ಸೊಂಟ, ಮಂಡಿ, ಕತ್ತು ಬಿಗಿಯುತ್ತವೆ. ಅಂದಮೇಲೆ ಅಜ್ಜಿಯ ‘ಮೈಕೈ ನೋವು’ ಮನಸ್ಸಿನದೆಂದು ತೀರ್ಮಾನಿಸಿದವರಾರು? ಇಂಥ ಕಡೆ ಸಮಾಧಾನದ ಸೂಜಿ ನೋವಿನ ಜೊತೆ ದೂರನ್ನೂ ಅಡಗಿಸುತ್ತದೆ. ಅವಳು ವಾರಕ್ಕೊಮ್ಮೆ ಸೊಂಟ ಒಡ್ಡುತ್ತಾಳೆ, ಮನೆಗೆ ಹೋಗಿ ಅದೇ ಕೊಳವೆಬಾವಿಯ ನೀರು ಕುಡಿಯುತ್ತಾಳೆ. ಆಸ್ಪತ್ರೆಯ ಪುಸ್ತಕದಲ್ಲಿ ಬರೆಯುವುದು ‘ಮೈಕೈ ನೋವು, ಬಿ-ಕಾಂಪ್ಲೆಕ್ಸ್’ ಎಂದಷ್ಟೇ. ಒಬ್ಬರೇ ಮತ್ತೆ ಮತ್ತೆ ಅದೇ ನೋವು ಹೇಳಿಕೊಂಡು ಬಂದರೆ, ಮುಂದಿನ ಸೂಜಿಗೆ ಮೊದಲು ಅವರ ಮನೆಯ ಒಂದು ಬಾಟಲಿ ನೀರು ಪರೀಕ್ಷೆಗೆ ಹೋಗಲಿ. ಕಳಿಸಲು ಸಿಸ್ಟರಿಗೂ ಅಧಿಕಾರವಿರಲಿ.