ನಾಲ್ಕು ಸಾಲಿನ ಕಸುಬು

ಎಐ ಏಜೆಂಟ್‌ಗೆ ತಾನು ಬಳಸುವ ಟೂಲ್‌ನ ಒಳಗಿನ ಕೋಡ್ ಸಾಮಾನ್ಯವಾಗಿ ಕಾಣುವುದಿಲ್ಲ. ಅದಕ್ಕೆ ಸಿಗುವುದು ಟೂಲ್‌ನ ಹೆಸರು, ವಿವರಣೆ, ಕೊಡಬೇಕಾದ ಮಾಹಿತಿಯ ಪಟ್ಟಿ, ಇಷ್ಟೇ. ಆ ನಾಲ್ಕು ಸಾಲು ನೋಡಿಯೇ ಯಾವುದನ್ನು ಬಳಸಬೇಕೆಂದು ಅದು ತೀರ್ಮಾನಿಸಬೇಕು.

ಒಂದು ಟೂಲ್‌ನ ವಿವರಣೆಯಲ್ಲಿ ‘ರೈಲು ಹುಡುಕುತ್ತದೆ’ ಎಂದಷ್ಟೇ ಬರೆದರೆ ಏನು ತಿಳಿದೀತು? ಕಸುಬು ಬಲ್ಲವರು ಹೀಗೆ ಬರೆಯುತ್ತಾರೆ: ‘ಎರಡು ನಿಲ್ದಾಣಗಳ ನಡುವಿನ ರೈಲುಗಳ ಪಟ್ಟಿ ಕೊಡುತ್ತದೆ. ನಿಲ್ದಾಣದ ಕೋಡ್ ಬೇಕು, ಮೈಸೂರಿಗೆ ಎಂವೈಎಸ್. ದಿನಾಂಕ 2025-04-03 ರೂಪದಲ್ಲಿ, ವರ್ಷ-ತಿಂಗಳು-ದಿನ. ಟಿಕೆಟ್ ಕಾಯ್ದಿರಿಸುವುದಿಲ್ಲ.’

03/04 ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ಆ ಗೊಂದಲ ಒಂದೇ ಸಾಲಿನಲ್ಲಿ ತೀರಿತು. ನನಗೆ ತುಂಬ ಇಷ್ಟವಾಗುವುದು ಆ ವಿವರಣೆಯ ಕೊನೆಯ ಸಾಲು. ತನ್ನಿಂದ ಏನಾಗದು ಎಂದು ಮೊದಲೇ ಹೇಳುವುದು ದೊಡ್ಡ ಪ್ರಾಮಾಣಿಕತೆ. ಹೊಸಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸುವ ಹಿರಿಯರ ಅಕ್ಕರೆ ಈ ಬರವಣಿಗೆಯಲ್ಲಿದೆ.