ಅತಿಥಿಗೆ ಕೊಟ್ಟ ಉತ್ತರ

ಬ್ಯಾಟರಾಯನಪುರದಿಂದ ಶಾಲೆಯ ಮಕ್ಕಳನ್ನು ವಿಧಾನಸೌಧ ತೋರಿಸಲು ಕರೆದೊಯ್ದಾಗಲೆಲ್ಲ ನನಗೂ ಹೆಮ್ಮೆಯೇ. ಆದರೂ ಒಂದು ಮಾತು ಹೇಳಬೇಕು.

1951ರ ಜುಲೈ 13ರಂದು ನೆಹರೂ ಅಡಿಗಲ್ಲು ಇಟ್ಟಾಗ ಯೋಜನೆ ಸರಳವಾಗಿತ್ತು. ಮುಂದೆ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರನ್ನು ರಷ್ಯಾದಿಂದ ಬಂದ ನಿಯೋಗದವರು, ಇಲ್ಲಿರುವುದೆಲ್ಲ ಯುರೋಪಿನ ಮಾದರಿ, ನಿಮ್ಮದೇ ಆದ ಕಟ್ಟಡ ಇಲ್ಲವೇ ಎಂದು ಕೇಳಿದರಂತೆ. ಆ ಪ್ರಶ್ನೆ ಚುಚ್ಚಿತು. ನಕ್ಷೆ ಬದಲಾಗಿ ಗುಮ್ಮಟ, ಕಂಬಸಾಲು, ಕೆತ್ತನೆ ಬಂದವು. ಎದುರಿಗಿದ್ದ ಬ್ರಿಟಿಷರ ಕಾಲದ ಕೆಂಪು ಅಠಾರಾ ಕಚೇರಿ ಕುಳ್ಳಾಗಿ ಕಂಡಿತು. 1956ರಲ್ಲಿ ಸೌಧ ಮುಗಿಯಿತು. ಅದೇ ವರ್ಷ ಅವರ ಪದವಿಯೂ ಹೋಯಿತು.

ಅತಿಥಿಗೇನೋ ಉತ್ತರ ಸಿಕ್ಕಿತು. ಮನೆಯವರಿಗೆ? ಗುಡಿಯನ್ನೂ ಅರಮನೆಯನ್ನೂ ನೆನಪಿಸುವ ಆ ಮೆಟ್ಟಿಲುಗಳ ಮುಂದೆ ಅರ್ಜಿ ಹಿಡಿದು ನಿಂತ ಹೆಂಗಸು ಪ್ರಜೆಯಾಗುವ ಬದಲು ಭಕ್ತೆಯಾಗಿಬಿಡುತ್ತಾಳೆ. ಮೇಲೆ 'ಸರ್ಕಾರದ ಕೆಲಸ ದೇವರ ಕೆಲಸ' ಎಂಬ ಬರಹ. ದೇವರ ಕೆಲಸವೆಂದ ಮೇಲೆ ಲೆಕ್ಕ ಕೇಳುವುದು ಹೇಗೆ?

ಅತಿಥಿಯ ಕಣ್ಣಿಗಾಗಿ ಕಟ್ಟುವ ಈ ಚಾಳಿ ಇಂದಿಗೂ ಬಿಟ್ಟಿಲ್ಲ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆಯಿತು. ಆಮೇಲೆ ನಮ್ಮೂರಿನ ಬಳ್ಳಾರಿ ರಸ್ತೆಯ ನೆತ್ತಿಯ ಮೇಲೆ ಮೇಲ್ಸೇತುವೆ ಬಂತು. ಹೊರದೇಶದ ಗಣ್ಯರು ಮೇಲೆ ಸಾಗುತ್ತಾರೆ. ಕೆಳಗೆ ನಾವು ರಸ್ತೆ ದಾಟಲು ಕಾಯುತ್ತೇವೆ.

ನೆಂಟರು ಬರುತ್ತಾರೆಂದರೆ ನಡುಮನೆ ಸಿಂಗರಿಸುವವರು ನಾವೂ ಹೌದು. ಆದರೆ ಅಡುಗೆಮನೆ ಸೋರುತ್ತಿದ್ದರೆ ಮೊದಲು ಯಾವುದನ್ನು ನೋಡುತ್ತೀರಿ, ನೀವೇ ಹೇಳಿ.